ಸ್ಕಾಲರ್‌ಶಿಪ್ ಅರ್ಜಿಯನ್ನು ಮೇಜಿನ ಆಚೆ ಕೂತವರು ಹೇಗೆ ಓದುತ್ತಾರೆ

ಕಳೆದ ವರ್ಷ ಸಂಕ್ರಾಂತಿ ಮುಗಿದ ವಾರ ಒಬ್ಬ ತಾಯಿ ಫೋನ್ ಮಾಡಿದ್ದರು. "ಮೇಡಂ, ನನ್ನ ಮಗಳಿಗೆ ಪಿಯುಸಿಯಲ್ಲಿ 94 ಪರ್ಸೆಂಟ್. ಪಕ್ಕದ ಮನೆ ಹುಡುಗಿಗೆ 81. ಅವಳಿಗೆ ವರ್ಷಕ್ಕೆ 30 ಸಾವಿರ ಸ್ಕಾಲರ್‌ಶಿಪ್ ಬಂತಂತೆ. ನಮ್ಮವಳಿಗೆ ಇಲ್ಲ. ಇದ್ಯಾವ ನ್ಯಾಯ ಮೇಡಂ?"

ಅವರ ದನಿಯಲ್ಲಿ ಸಿಟ್ಟಿಗಿಂತ ನೋವೇ ಜಾಸ್ತಿ ಇತ್ತು. ನಾನು ಒಂದೇ ಪ್ರಶ್ನೆ ಕೇಳಿದೆ. "ನಿಮ್ಮ ಮಗಳು ಎಸ್‌ಎಸ್‌ಎಲ್‌ಸಿ ಓದಿದ್ದು ಎಲ್ಲಿ?" ಖಾಸಗಿ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ. ಪಕ್ಕದ ಮನೆ ಹುಡುಗಿ ಓದಿದ್ದು ಸರ್ಕಾರಿ ಹೈಸ್ಕೂಲಿನಲ್ಲಿ, ಆಮೇಲೆ ಸರ್ಕಾರಿ ಪಿಯು ಕಾಲೇಜಿನಲ್ಲಿ. ಆಕೆಗೆ ಬಂದದ್ದು ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ಸ್ಕಾಲರ್‌ಶಿಪ್. 10 ಮತ್ತು 12 ಎರಡನ್ನೂ ಸರ್ಕಾರಿ ಶಾಲೆ, ಕಾಲೇಜಿನಲ್ಲಿ ಓದಿ ಪಾಸಾಗಿ, ಡಿಗ್ರಿಗೋ ಡಿಪ್ಲೊಮಾಗೋ ಸೇರಿದ ಹೆಣ್ಣುಮಕ್ಕಳಿಗೆ ಅಂತಲೇ ಇರುವ ಹಣ ಅದು. ಅಲ್ಲಿ 94 ಮತ್ತು 81ರ ನಡುವೆ ಪೈಪೋಟಿಯೇ ನಡೆದಿಲ್ಲ.

ನಾನು ತಿಪಟೂರಿನಲ್ಲಿ ಸರ್ಕಾರಿ ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದೆ. ಈಗ ನಿವೃತ್ತಿಯಾಗಿದೆ. ನಮ್ಮ ಊರಿನ ಕಡೆಯ ಒಂದು ಸಣ್ಣ ಟ್ರಸ್ಟು ಪ್ರತಿ ವರ್ಷ 25 ಮಕ್ಕಳಿಗೆ ಡಿಗ್ರಿ ಓದಲು ಹಣ ಕೊಡುತ್ತದೆ. ಅದರ ಆಯ್ಕೆ ಸಮಿತಿಯಲ್ಲಿ ನಾನು 11 ವರ್ಷ ಕೂತಿದ್ದೇನೆ. ಅರ್ಜಿ ಹಾಕುವ ಮಕ್ಕಳಿಗೆ, ಅವರ ಅಪ್ಪ ಅಮ್ಮಂದಿರಿಗೆ ಆಚೆ ಬದಿ ಏನು ನಡೆಯುತ್ತದೆ ಅನ್ನುವುದು ಗೊತ್ತಿಲ್ಲ. ಗೊತ್ತಿಲ್ಲದೆ ಒಳ್ಳೆಯ ಮಕ್ಕಳು ಹೊರಗೆ ಉಳಿಯುವುದನ್ನು ನೋಡಿ ನೋಡಿ ನನಗೆ ಸಂಕಟವಾಗಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಕೇಳಬೇಕಾದ ಪ್ರಶ್ನೆ: ಆರಿಸುವುದು ಯಾರು?

ಸ್ಕಾಲರ್‌ಶಿಪ್ ಅಂದ ತಕ್ಷಣ ಎಲ್ಲರೂ ಅಂಕಪಟ್ಟಿ ನೋಡಿಕೊಳ್ಳುತ್ತಾರೆ. ಅದಕ್ಕಿಂತ ಮೊದಲು ಇದನ್ನು ಆರಿಸುವುದು ನಿಯಮವೋ, ರ‍್ಯಾಂಕ್ ಪಟ್ಟಿಯೋ, ಪರೀಕ್ಷೆಯೋ, ಮನುಷ್ಯರೋ ಅಂತ ನೋಡಿ. ಒಂದೊಂದಕ್ಕೆ ತಯಾರಿ ಬೇರೆ ಬೇರೆ.

ನಿಯಮವೇ ಆರಿಸುವಲ್ಲಿ ಷರತ್ತಿಗೆ ಹೊಂದಿದರೆ ಸಾಕು. ನಮ್ಮ ರಾಜ್ಯ ಸರ್ಕಾರದ ಎಸ್‌ಎಸ್‌ಪಿ, ಅಂದರೆ ಸ್ಟೇಟ್ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ ಹಾಕುವ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಗಳು ಹೆಚ್ಚುಕಡಿಮೆ ಈ ಬಗೆಯವು. ಇಲ್ಲಿ ನಿಮ್ಮ ಜಾಣತನ ಯಾರೂ ಅಳೆಯುವುದಿಲ್ಲ. ಜಾತಿ, ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ನಂಬರ್ ಸರಿ ಇದೆಯಾ, ಕಾಲೇಜಿನವರು ದೃಢೀಕರಿಸಿದರಾ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ, ಇಷ್ಟೇ. ಇದನ್ನು ಬಿಟ್ಟು ದೊಡ್ಡ ಹೆಸರಿನ ಸ್ಕಾಲರ್‌ಶಿಪ್ ಹಿಂದೆ ಓಡುವ ಮಕ್ಕಳಿದ್ದಾರೆ. ಮೊದಲು ಕೈಗೆ ಸಿಗುವುದನ್ನು ಹಿಡಿಯಿರಿ.

ರ‍್ಯಾಂಕ್ ಪಟ್ಟಿಯಿಂದ ಆರಿಸುವುದರಲ್ಲಿ ಎಲ್ಲರಿಗೂ ಗೊತ್ತಿರಬೇಕಾದದ್ದು ಕೇಂದ್ರ ಸರ್ಕಾರದ ಸೆಂಟ್ರಲ್ ಸೆಕ್ಟರ್ ಸ್ಕಾಲರ್‌ಶಿಪ್. ಕಾಲೇಜು ಮತ್ತು ವಿಶ್ವವಿದ್ಯಾಲಯದ ಮಕ್ಕಳಿಗೆ ಕೊಡುವುದು. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇದರ ಲೆಕ್ಕ ಅರ್ಥವಾದರೆ ಬೇರೆ ಎಷ್ಟೋ ಸ್ಕಾಲರ್‌ಶಿಪ್‌ಗಳ ಲೆಕ್ಕ ತಾನಾಗಿ ಅರ್ಥವಾಗುತ್ತದೆ.

ಇಡೀ ದೇಶಕ್ಕೆ ವರ್ಷಕ್ಕೆ ಹೊಸದಾಗಿ 82,000 ಮಕ್ಕಳಿಗೆ ಇದು ಸಿಗಬಹುದು. ಈ ಸಂಖ್ಯೆಯನ್ನು ಆಯಾ ರಾಜ್ಯದಲ್ಲಿ 18ರಿಂದ 25 ವಯಸ್ಸಿನವರು ಎಷ್ಟಿದ್ದಾರೆ ಅನ್ನುವುದರ ಮೇಲೆ ರಾಜ್ಯಗಳಿಗೆ ಹಂಚುತ್ತಾರೆ. ಅದರಲ್ಲಿ ಅರ್ಧ ಹೆಣ್ಣುಮಕ್ಕಳಿಗೆ. ಆಮೇಲೆ ವಿಜ್ಞಾನ, ವಾಣಿಜ್ಯ, ಕಲಾ ವಿಭಾಗಕ್ಕೆ 3:2:1ರಂತೆ ಹಂಚಿಕೆ. ದೇಶದ ಲೆಕ್ಕದಲ್ಲಿ ನೋಡಿದರೆ ವಿಜ್ಞಾನಕ್ಕೆ 41,000, ವಾಣಿಜ್ಯಕ್ಕೆ ಸುಮಾರು 27,300, ಕಲೆಗೆ ಸುಮಾರು 13,700. ಮೀಸಲಾತಿಯೂ ಇದೆ. ಅಂದರೆ ನೀವು ಓಡುತ್ತಿರುವುದು ದೇಶದ ಎಲ್ಲ ಮಕ್ಕಳ ಜೊತೆ ಅಲ್ಲ. ನಿಮ್ಮ ರಾಜ್ಯ, ನಿಮ್ಮ ಬೋರ್ಡು, ನಿಮ್ಮ ವಿಭಾಗದ ಮಕ್ಕಳ ಜೊತೆ. ಕಲಾ ವಿಭಾಗದ ಮಕ್ಕಳು "ನಮ್ಮ ಅಂಕ ಸೈನ್ಸ್‌ನವರಷ್ಟು ಇಲ್ಲ" ಅಂತ ಸುಮ್ನೆ ಕೂರುತ್ತಾರೆ. ಹಾಗೆ ಕೂರಬೇಡಿ. ನಿಮ್ಮ ಸಾಲು ಬೇರೆ.

ಇನ್ನೊಂದು ಗೊಂದಲ 80ನೇ ಪರ್ಸೆಂಟೈಲ್. ಇದಕ್ಕೆ ಅರ್ಜಿ ಹಾಕಲು 80 ಪರ್ಸೆಂಟ್ ಅಂಕ ಬೇಕು ಅಂತ ತುಂಬಾ ಜನ ತಿಳಿದಿದ್ದಾರೆ. ಅದಲ್ಲ. ನಿಮ್ಮ ಬೋರ್ಡಿನಲ್ಲಿ, ನಿಮ್ಮ ವಿಭಾಗದಲ್ಲಿ ಪಾಸಾದವರನ್ನೆಲ್ಲ ಅಂಕದ ಪ್ರಕಾರ ಸಾಲಾಗಿ ನಿಲ್ಲಿಸಿದರೆ, ಪ್ರತಿ ನೂರು ಜನರಲ್ಲಿ ಮುಂದಿನ 20 ಜನರೊಳಗೆ ನೀವಿರಬೇಕು. ಆ ವರ್ಷ ಎಲ್ಲರಿಗೂ ಅಂಕ ಜಾಸ್ತಿ ಬಂದಿದ್ದರೆ 80 ಪರ್ಸೆಂಟ್ ಸಾಲುವುದಿಲ್ಲ. ಕಡಿಮೆ ಬಂದಿದ್ದರೆ ಅದಕ್ಕಿಂತ ಕೆಳಗಿನವರಿಗೂ ಬಾಗಿಲು ತೆರೆಯಬಹುದು. ಬಾಗಿಲು ತೆರೆಯಿತು ಅಂದರೆ ಅರ್ಜಿ ಹಾಕಬಹುದು ಅಂತ ಮಾತ್ರ. ಒಳಗೆ ಮತ್ತೆ ಅಂಕದ ಮೇಲೆಯೇ ಪಟ್ಟಿ ಆಗುತ್ತದೆ.

ಕುಟುಂಬದ ಆದಾಯ ವರ್ಷಕ್ಕೆ 4.5 ಲಕ್ಷ ಮೀರಬಾರದು. ರೆಗ್ಯುಲರ್ ಡಿಗ್ರಿ ಆಗಿರಬೇಕು. ಡಿಪ್ಲೊಮಾಕ್ಕಿಲ್ಲ, ದೂರಶಿಕ್ಷಣಕ್ಕಿಲ್ಲ. ಡಿಗ್ರಿಯ ಮೊದಲ ಮೂರು ವರ್ಷ ವರ್ಷಕ್ಕೆ 12,000, ಸ್ನಾತಕೋತ್ತರಕ್ಕೆ 20,000. ಬೇರೆ ಸ್ಕಾಲರ್‌ಶಿಪ್ ತೆಗೆದುಕೊಳ್ಳುತ್ತಿದ್ದರೆ ಇದು ಸಿಗುವುದಿಲ್ಲ. ಹಾಗಾಗಿ ಎರಡರಲ್ಲಿ ಯಾವುದು ನಿಮಗೆ ಲಾಭ ಅಂತ ಮೊದಲೇ ಕೂತು ಲೆಕ್ಕ ಹಾಕಿ. ಎರಡನ್ನೂ ಪಡೆದು ಸಿಕ್ಕಿಬಿದ್ದರೆ ವಾಪಸ್ ಕಟ್ಟಬೇಕಾದೀತು.

ಕೊಡುವವರ ಉದ್ದೇಶ ಏನು ಅಂತ ತಿಳಿಯಲು ಕೇಂದ್ರ ಸರ್ಕಾರದ ಇನ್‌ಸ್ಪೈರ್ ಸ್ಕಾಲರ್‌ಶಿಪ್ ನೋಡಿ. ವರ್ಷಕ್ಕೆ 80,000 ರೂಪಾಯಿ. ಅದರಲ್ಲಿ 60,000 ಕೈಗೆ, 20,000 ಬೇಸಿಗೆ ಪ್ರಾಜೆಕ್ಟ್‌ಗೆ. ಸಾಮಾನ್ಯವಾಗಿ ಬೋರ್ಡಿನ ಮೇಲಿನ 1 ಪರ್ಸೆಂಟಿನಲ್ಲಿ ಇರಬೇಕು. ಆದರೆ ಬಿ.ಎಸ್ಸಿಯಂಥ ಮೂಲ ವಿಜ್ಞಾನ ಓದುವವರಿಗೆ ಮಾತ್ರ. ಅದೇ ಅಂಕ ಪಡೆದು ಎಂಜಿನಿಯರಿಂಗೋ ಮೆಡಿಕಲ್ಲೋ ಸೇರಿದರೆ ಇಲ್ಲ. ಮಕ್ಕಳನ್ನು ವಿಜ್ಞಾನದಲ್ಲೇ ಉಳಿಸಿಕೊಳ್ಳಬೇಕು ಅನ್ನುವುದಕ್ಕೆ ಸರ್ಕಾರ ಇಟ್ಟ ಹಣ ಅದು. ಮೊದಲ ರ‍್ಯಾಂಕಿನ ಎಂಜಿನಿಯರಿಂಗ್ ಹುಡುಗನಿಗೂ ಅಲ್ಲಿ ಜಾಗವಿಲ್ಲ, ಅದು ಅವನಿಗೆ ಆದ ಅವಮಾನವೂ ಅಲ್ಲ.

ಪರೀಕ್ಷೆ ಇಡುವವರೂ ಇದ್ದಾರೆ. ರಿಲಯನ್ಸ್ ಫೌಂಡೇಶನ್ ಡಿಗ್ರಿಯ ಮೊದಲ ವರ್ಷದ 5,000 ಮಕ್ಕಳಿಗೆ ಪೂರ್ತಿ ಕೋರ್ಸಿಗೆ ಸೇರಿಸಿ 2 ಲಕ್ಷದವರೆಗೆ ಕೊಡುತ್ತದೆ. ಪಿಯುಸಿಯಲ್ಲಿ 60 ಪರ್ಸೆಂಟ್ ಇದ್ದರೆ ಅರ್ಜಿ ಹಾಕಬಹುದು, ಆದರೆ ಆನ್‌ಲೈನ್ ಆಪ್ಟಿಟ್ಯೂಡ್ ಪರೀಕ್ಷೆ ಬರೆಯಲೇಬೇಕು. ಆದಾಯದ ಮಿತಿ 15 ಲಕ್ಷ. 2.5 ಲಕ್ಷಕ್ಕಿಂತ ಕಡಿಮೆ ಇರುವವರಿಗೆ ಆದ್ಯತೆ. ಎಸ್‌ಎಸ್‌ಎಲ್‌ಸಿ ಮುಗಿಸಿದವರಿಗೆ ಸರೋಜಿನಿ ದಾಮೋದರನ್ ಫೌಂಡೇಶನ್ನಿನ ವಿದ್ಯಾಧನ್ ಇದೆ. ಅಲ್ಲಿ ಪರೀಕ್ಷೆಯೂ ಇದೆ, ಸಂದರ್ಶನವೂ ಇದೆ. ಪರೀಕ್ಷೆ ಇರುವಲ್ಲಿ ಮಕ್ಕಳು ಸೋಲುವುದು ಬುದ್ಧಿ ಕಡಿಮೆ ಅಂತಲ್ಲ. ಗಡಿಯಾರ ಇಟ್ಟುಕೊಂಡು ಒಂದು ಸಲವೂ ಅಭ್ಯಾಸ ಮಾಡಿರುವುದಿಲ್ಲ. ಅಣ್ಣನ ಮೊಬೈಲಿನಲ್ಲಿ, ನೆಟ್‌ವರ್ಕ್ ಸಿಗುವ ತೋಟದ ಮೂಲೆಯಲ್ಲಿ ಕೂತು ಬರೆದ ಹುಡುಗಿಯನ್ನು ನಾನು ಬಲ್ಲೆ. ಅರ್ಧದಲ್ಲಿ ಚಾರ್ಜ್ ಮುಗಿಯಿತು. ನಿಮಗೆ ಹಾಗೆ ಆಗುವುದು ಬೇಡ. ಹಿಂದಿನ ದಿನವೇ ಕಾಲೇಜಿನ ಲ್ಯಾಬ್ ಕೇಳಿ ನೋಡಿ. ಹೆಚ್ಚಿನ ಮೇಷ್ಟ್ರುಗಳು ಇಲ್ಲ ಅನ್ನುವುದಿಲ್ಲ.

ಇನ್ನು ಮನುಷ್ಯರು ಕೂತು ಆರಿಸುವ ಬಗೆ. ನನಗೆ ಚೆನ್ನಾಗಿ ಗೊತ್ತಿರುವುದು ಇದು.

ನಮ್ಮ ಮೇಜಿನ ಮೇಲೆ

ಆಗಸ್ಟಿನ ಭಾನುವಾರಗಳಲ್ಲಿ ನಾವು ಏಳು ಜನ ಒಂದು ಹಳೇ ಛತ್ರದ ಊಟದ ಹಾಲಿನಲ್ಲಿ ಸೇರುತ್ತೇವೆ. ಉದ್ದನೆಯ ಊಟದ ಮೇಜುಗಳ ಮೇಲೆ ಅರ್ಜಿಗಳನ್ನು ಹರಡುತ್ತೇವೆ. ಫ್ಯಾನ್ ಹಾಕಿದರೆ ಕಾಗದ ಹಾರುತ್ತದೆ, ಹಾಕದಿದ್ದರೆ ಸೆಕೆ. ತಿಪಟೂರಲ್ವಾ, ಪ್ರತಿ ಕಟ್ಟಿನ ಮೇಲೂ ಒಂದೊಂದು ಕೊಬ್ಬರಿ ಗಿಟುಕು ಇಟ್ಟಿರುತ್ತೇವೆ. ಸಂಜೆ ಹೊತ್ತಿಗೆ ಎಲ್ಲರ ಕೈಯಲ್ಲೂ ಕೊಬ್ಬರಿ ವಾಸನೆ.

ಕಳೆದ ವರ್ಷ 612 ಅರ್ಜಿ ಬಂದಿದ್ದವು. ಕೊಡಬೇಕಾದದ್ದು 25. ಮೊದಲ ಭಾನುವಾರ ಯಾರೂ ಯಾರ ಕಥೆಯನ್ನೂ ಓದುವುದಿಲ್ಲ. ಬರೀ ದಾಖಲೆ ನೋಡುತ್ತೇವೆ. ಎಲ್ಲ ಕಾಗದ ಇದೆಯಾ, ಓದಲು ಬರುತ್ತದಾ, ಸಹಿ ಇದೆಯಾ. ಆ ಒಂದೇ ದಿನ 140ಕ್ಕೂ ಜಾಸ್ತಿ ಅರ್ಜಿ ಪಕ್ಕಕ್ಕೆ ಹೋದವು. ಅವುಗಳಲ್ಲಿ ಬಹಳ ಒಳ್ಳೆಯ ಮಕ್ಕಳೂ ಇದ್ದಿರಬೇಕು. ಅವರ ಪತ್ರವನ್ನು ನಾವು ತೆರೆಯಲೇ ಇಲ್ಲ.

ಯಾಕೆ ಹೋದವು? ಅಂಕಪಟ್ಟಿಯ ಫೋಟೋ ಮಸುಕಾಗಿ ನೋಂದಣಿ ಸಂಖ್ಯೆ ಕಾಣುತ್ತಿರಲಿಲ್ಲ. ಪಾಸ್‌ಬುಕ್ಕಿನ ಮೊದಲ ಪುಟದ ಬದಲು ಜಮಾ ಖರ್ಚಿನ ಪುಟ ಹಾಕಿದ್ದರು. ಆದಾಯ ಪ್ರಮಾಣಪತ್ರದ ಬದಲು ನಾಡಕಚೇರಿಗೆ ಅರ್ಜಿ ಕೊಟ್ಟ ಸ್ವೀಕೃತಿ ಚೀಟಿ ಲಗತ್ತಿಸಿದ್ದರು. ಕಾಲೇಜಿಗೆ ಸೇರಿದ ರಸೀದಿಯೇ ಇರಲಿಲ್ಲ.

ಎಲ್ಲಕ್ಕಿಂತ ಜಾಸ್ತಿ ತೊಂದರೆ ಕೊಡುವುದು ಹೆಸರು. ಅಂಕಪಟ್ಟಿಯಲ್ಲಿ "ಕಾವ್ಯ ಟಿ.ಎಸ್.", ಆಧಾರ್‌ನಲ್ಲಿ "ಕಾವ್ಯ ಶಿವಣ್ಣ", ಬ್ಯಾಂಕಿನಲ್ಲಿ "ಕಾವ್ಯಾ" ಅಂತ ಇರುತ್ತದೆ. ಮೂರೂ ಒಬ್ಬಳೇ ಅಂತ ಅವಳಿಗೆ ಗೊತ್ತು, ನಮಗೆ ಗೊತ್ತಾಗಬೇಕಲ್ಲ? ನಮ್ಮಂಥ ಸಣ್ಣ ಟ್ರಸ್ಟಿನವರು ಫೋನ್ ಮಾಡಿ ಕೇಳಿಯೇವು. ಕಂಪ್ಯೂಟರ್ ಕೇಳುವುದಿಲ್ಲ, ತಿರಸ್ಕರಿಸುತ್ತದೆ. ಪಿಯುಸಿ ಎರಡನೇ ವರ್ಷದ ದಸರಾ ರಜೆಯಲ್ಲೇ ಆಧಾರ್ ಮತ್ತು ಬ್ಯಾಂಕಿನ ಹೆಸರನ್ನು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇರುವಂತೆಯೇ ಮಾಡಿಸಿಕೊಳ್ಳಿ. ಇನಿಷಿಯಲ್ ಮುಂದಿದೆಯೋ ಹಿಂದಿದೆಯೋ ಅದೂ ಸೇರಿ. ಬ್ಯಾಂಕಿಗೆ ಹೋದಾಗ ಆಧಾರ್ ಸೀಡಿಂಗ್ ಆಗಿದೆಯಾ ಅಂತ ಕೇಳಿ. ಖಾತೆಗೆ ಆಧಾರ್ ನಂಬರ್ ಕೊಟ್ಟಿರುವುದು ಬೇರೆ, ಸರ್ಕಾರದ ಹಣ ಇದೇ ಖಾತೆಗೆ ಬರಲಿ ಅಂತ ಎನ್‌ಪಿಸಿಐ ಮ್ಯಾಪಿಂಗ್ ಆಗಿರುವುದು ಬೇರೆ.

ಅರ್ಜಿಯಲ್ಲಿ ನಿಮ್ಮದೇ ಫೋನ್ ನಂಬರ್ ಹಾಕಿ. ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಅನ್ನುವುದಕ್ಕೆ ಕಾರಣವಿದೆ, ಮುಂದೆ ಹೇಳುತ್ತೇನೆ.

ಎರಡನೇ ಭಾನುವಾರದಿಂದ ಅಂಕ ಹಾಕುತ್ತೇವೆ. ನಮ್ಮಲ್ಲಿ ಒಟ್ಟು 100. ಓದಿನ ಅಂಕಕ್ಕೆ 30, ಮನೆಯ ಆರ್ಥಿಕ ಸ್ಥಿತಿಗೆ 30, ಪತ್ರಕ್ಕೆ 15, ಸಂದರ್ಶನಕ್ಕೆ 25. ಒಂದೊಂದು ಅರ್ಜಿಯನ್ನು ಇಬ್ಬರು ಬೇರೆ ಬೇರೆಯಾಗಿ ಓದುತ್ತಾರೆ. ಒಬ್ಬರು ಹಾಕಿದ ಅಂಕ ಇನ್ನೊಬ್ಬರಿಗೆ ಕಾಣಿಸುವುದಿಲ್ಲ. ಇಬ್ಬರ ನಡುವೆ 15ಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಮೂರನೆಯವರು ಓದುತ್ತಾರೆ. ಪರಿಚಯದ ಮಗುವಿನ ಅರ್ಜಿ ಬಂದರೆ ಆ ಸದಸ್ಯರು ಎದ್ದು ಹೊರಗೆ ಹೋಗಬೇಕು. ನಾನೂ ಎಷ್ಟೋ ಸಲ ಹೋಗಿ ವರಾಂಡದಲ್ಲಿ ನಿಂತಿದ್ದೇನೆ. ಬೇರೆ ಕಡೆ ತೂಕ ಬೇರೆ ಇರಬಹುದು, ಆದರೆ ಇಂಥದ್ದೊಂದು ಅಂಕದ ಚೀಟಿ ಓದುವವರ ಕೈಯಲ್ಲಿ ಇರುವುದು ಸಾಮಾನ್ಯ. ಓದಿನ ಅಂಕಕ್ಕೆ ಸಿಗುವುದು ಮೂರರಲ್ಲಿ ಒಂದು ಪಾಲೂ ಇಲ್ಲ ಅನ್ನುವುದನ್ನು ಗಮನಿಸಿ. 98 ತೆಗೆದವರಿಗೂ 91 ತೆಗೆದವರಿಗೂ ನಮ್ಮ ಚೀಟಿಯಲ್ಲಿ ಎರಡೇ ಅಂಕದ ವ್ಯತ್ಯಾಸ.

ಆರ್ಥಿಕ ಸ್ಥಿತಿ ಅಂದರೆ ಆದಾಯ ಪ್ರಮಾಣಪತ್ರ ಒಂದೇ ಅಲ್ಲ. ಅದರಲ್ಲಿ ಇರುವ ಸಂಖ್ಯೆ ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಅದಕ್ಕೇ ಪಹಣಿ ನೋಡುತ್ತೇವೆ, ಜಮೀನಿಗೆ ನೀರಿದೆಯಾ ಅಂತ ಕೇಳುತ್ತೇವೆ. ಮನೆಯಲ್ಲಿ ಎಷ್ಟು ಮಕ್ಕಳು ಓದುತ್ತಿದ್ದಾರೆ, ಸಾಲ ಎಷ್ಟಿದೆ, ದುಡಿಯುವ ಕೈ ಎಷ್ಟು, ಕಾಯಿಲೆ ಬಿದ್ದವರು ಯಾರಾದರೂ ಇದ್ದಾರಾ ಅಂತ ನೋಡುತ್ತೇವೆ. ಕೊನೆಯ ಹಂತಕ್ಕೆ ಬಂದವರ ಮನೆಗೆ ಹೋಗಿ ನೋಡಿಕೊಂಡು ಬರುತ್ತೇವೆ. ಮನೆ ಭೇಟಿ ಅಂದರೆ ಮಕ್ಕಳು ನಾಚಿಕೊಳ್ಳುತ್ತಾರೆ. ಕೆಲವರು ಪಕ್ಕದ ಮನೆಯಿಂದ ಕುರ್ಚಿ ತಂದು ಹಾಕಿರುತ್ತಾರೆ. ಏನೂ ಬೇಡ ಮಕ್ಕಳೇ. ಚಾಪೆ ಸಾಕು. ಇದ್ದದ್ದನ್ನು ಇದ್ದಂತೆ ತೋರಿಸಿ.

ಪ್ರಮಾಣಪತ್ರ ಮಾಡಿಸಿದ ಮೇಲೆ ಮನೆಯ ಸ್ಥಿತಿ ಬದಲಾಗಿದ್ದರೆ ಅದನ್ನು ಬರೆಯಲೇಬೇಕು. ಒಬ್ಬ ಹುಡುಗನ ಅರ್ಜಿಯಲ್ಲಿ ಅಪ್ಪನ ಸಂಬಳ ಚೆನ್ನಾಗಿಯೇ ಇತ್ತು. ನಾವು ಕಡಿಮೆ ಅಂಕ ಹಾಕಿದೆವು. ಆ ಅಪ್ಪ ಏಪ್ರಿಲ್‌ನಲ್ಲೇ ತೀರಿಹೋಗಿದ್ದರು ಅಂತ ನಮಗೆ ಗೊತ್ತಾದದ್ದು ಪಟ್ಟಿ ಹಾಕಿದ ಮೇಲೆ, ಬೇರೆ ಯಾರದೋ ಬಾಯಿಂದ. ಅವನು ಎಲ್ಲೂ ಬರೆದಿರಲಿಲ್ಲ. ಅರ್ಜಿಯಲ್ಲಿ ಆ ಕಾಲಂ ಇರಲಿಲ್ಲವಂತೆ. ಕಾಲಂ ಇಲ್ಲದಿದ್ದರೆ ಒಂದು ಬಿಳಿ ಹಾಳೆಯಲ್ಲಿ ಬರೆದು, ಮರಣ ಪ್ರಮಾಣಪತ್ರವೋ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿಯೋ ಜೊತೆಗಿಟ್ಟು ಪಿನ್ ಹಾಕಿ. ಮುಂದಿನ ವರ್ಷ ನಮ್ಮ ಅರ್ಜಿಗೆ ಆ ಕಾಲಂ ಸೇರಿಸಿದೆವು. ಆದರೂ ಆ ಹುಡುಗನ ವಿಷಯ ನೆನಪಾದಾಗಲೆಲ್ಲ ಗಂಟಲು ಕಟ್ಟುತ್ತದೆ.

ಪತ್ರ

"ನಾನು ಒಂದು ಬಡ ಕುಟುಂಬದಲ್ಲಿ ಹುಟ್ಟಿದವನು. ಕಷ್ಟಪಟ್ಟು ಓದಿ ಐಎಎಸ್ ಅಧಿಕಾರಿಯಾಗಿ ಸಮಾಜ ಸೇವೆ ಮಾಡುವುದು ನನ್ನ ಜೀವನದ ಗುರಿ." ಈ ಎರಡು ವಾಕ್ಯ, ಇದೇ ಪದಗಳಲ್ಲಿ, ಒಂದೇ ಭಾನುವಾರದಲ್ಲಿ ನಾನು ನಲವತ್ತು ಸಲ ಓದಿದ್ದಿದೆ. ಬರೆದ ಮಗು ಸುಳ್ಳು ಹೇಳುತ್ತಿಲ್ಲ. ಆದರೆ ಈ ಪತ್ರದಲ್ಲಿ ಆ ಮಗು ನನಗೆ ಕಾಣುವುದಿಲ್ಲ. ಸೈಬರ್ ಸೆಂಟರಿನಲ್ಲಿ ಒಂದು ಮಾದರಿ ಇಟ್ಟುಕೊಂಡು ಹೆಸರು ಬದಲಾಯಿಸಿ ಪ್ರಿಂಟ್ ಕೊಡುತ್ತಾರೆ. ದಯವಿಟ್ಟು ಅದನ್ನು ತರಬೇಡಿ.

ಹುಳಿಯಾರಿನ ಆಚೆಯ ಒಂದು ಹಳ್ಳಿಯ ಹುಡುಗ ಬರೆದ ಪತ್ರ ನನಗೆ ಈಗಲೂ ನೆನಪಿದೆ. ಗೆರೆ ಹಾಳೆಯಲ್ಲಿ, ಕೈಬರಹ. ಶುರುವೇ ಹೀಗಿತ್ತು: "ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬಂದು 7:10ರ ಬಸ್ಸು ಹಿಡಿಯುತ್ತೇನೆ. ಅದು ತಪ್ಪಿದರೆ ಮೊದಲ ಎರಡು ಪೀರಿಯಡ್ ಹೋಗುತ್ತದೆ. ಪಿಯುಸಿಯಲ್ಲಿ ಒಟ್ಟು 19 ದಿನ ಹೀಗೆ ತಪ್ಪಿದೆ." ಆಮೇಲೆ ಒಂದು ಲೆಕ್ಕ. ಬಿ.ಕಾಂ. ಓದಲು ತುಮಕೂರಿನಲ್ಲಿ ರೂಮು ಮಾಡಬೇಕು. ಕಾಲೇಜು ಶುಲ್ಕ 14,600. ರೂಮು, ಊಟ 32,000. ಪುಸ್ತಕ 3,500. ಊರಿಗೆ ಬಂದು ಹೋಗಲು 2,400. ಒಟ್ಟು 52,500. ಅದರ ಕೆಳಗೆ ಎಲ್ಲೆಲ್ಲಿಂದ ಬರುತ್ತದೆ ಅಂತ. ಊಟ, ವಸತಿಗೆ ರಾಜ್ಯ ಸರ್ಕಾರ ಕೊಡುವ ವಿದ್ಯಾಸಿರಿ ಸಿಕ್ಕರೆ ತಿಂಗಳಿಗೆ 1,500ರಂತೆ 10 ತಿಂಗಳಿಗೆ 15,000. ಅಪ್ಪ ಕೊಡಬಲ್ಲದ್ದು 15,000. ರಜೆಯಲ್ಲಿ ಮಂಡಿಯಲ್ಲಿ ಕೊಬ್ಬರಿ ಚೀಲ ಹೊಲಿದರೆ 4,000. ಕಡಿಮೆ ಬೀಳುವುದು 18,500. ಕೊನೆಯ ಸಾಲು: "ಈ 18,500 ನಮ್ಮಿಂದ ಆಗುವುದಿಲ್ಲ."

ನಾನು ಆ ಹಾಳೆಯನ್ನು ಪಕ್ಕದಲ್ಲಿದ್ದವರಿಗೆ ಕೊಟ್ಟೆ. ಅವರು ಇನ್ನೊಬ್ಬರಿಗೆ ಕೊಟ್ಟರು. ಹಾಲಿನಲ್ಲಿ ಎರಡು ನಿಮಿಷ ಯಾರೂ ಮಾತಾಡಲಿಲ್ಲ. ಅವನು ಬಡವ ಅಂತ ಒಂದು ಕಡೆಯೂ ಬರೆದಿರಲಿಲ್ಲ. ಆದರೂ ಅವನ ದಿನ ಹೇಗಿದೆ, ನಾವು ಹಣ ಕೊಟ್ಟರೆ ಅದು ಎಲ್ಲಿಗೆ ಹೋಗುತ್ತದೆ, ಎಲ್ಲವೂ ಕಾಣುತ್ತಿತ್ತು. ಪಿಯುಸಿಯಲ್ಲಿ ಅವನಿಗೆ 79 ಪರ್ಸೆಂಟ್ ಇತ್ತು. ಪತ್ರಕ್ಕೆ ಇಬ್ಬರೂ 14 ಕೊಟ್ಟಿದ್ದೆವು.

ಹಾಗಾಗಿ ಪತ್ರ ಬರೆಯಲು ಕೂತಾಗ ದೊಡ್ಡ ಮಾತು ಹುಡುಕಬೇಡಿ. ನಿಮ್ಮ ಒಂದು ದಿನ ಹೇಗೆ ನಡೆಯುತ್ತದೆ ಅಂತ ಬರೆಯಿರಿ. ಈ ಕೋರ್ಸನ್ನೇ ಯಾಕೆ ಆರಿಸಿಕೊಂಡಿರಿ ಅಂತ ಬರೆಯಿರಿ. ಖರ್ಚಿನ ಲೆಕ್ಕ ಹಾಕಿ, ಎಷ್ಟು ಕಡಿಮೆ ಬೀಳುತ್ತದೆ ಅಂತ ತೋರಿಸಿ. ಒಂದು ವರ್ಷ ಅಂಕ ಕುಸಿದಿದ್ದರೆ ಮುಚ್ಚಿಡಬೇಡಿ, ಓದುವವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಕನ್ನಡದಲ್ಲಿ ಬರೆಯಬಹುದು ಅಂತಿದ್ದರೆ ಕನ್ನಡದಲ್ಲೇ ಬರೆಯಿರಿ. ಇಂಗ್ಲಿಷಿನಲ್ಲೇ ಬೇಕು ಅಂದರೆ ಮೊದಲು ಕನ್ನಡದಲ್ಲಿ ಬರೆದು ಆಮೇಲೆ ಮೇಷ್ಟ್ರ ಹತ್ತಿರ ತಿದ್ದಿಸಿಕೊಳ್ಳಿ.

ಉಪನ್ಯಾಸಕರ ಶಿಫಾರಸು ಪತ್ರದ ಬಗ್ಗೆ ಒಂದು ಮಾತು. ಒಂದು ತರಗತಿಯಲ್ಲಿ 80 ಮಕ್ಕಳಿರುತ್ತಾರೆ. ನೀವು ಕಡೆಯ ದಿನ ಹೋಗಿ ನಿಂತರೆ ಅವರು ಎಲ್ಲರಿಗೂ ಬರೆಯುವ ಅದೇ ನಾಲ್ಕು ಸಾಲು ಬರೆಯುತ್ತಾರೆ. ಎರಡು ವಾರ ಮೊದಲೇ ಹೋಗಿ. ನೀವು ಏನು ಮಾಡಿದ್ದೀರಿ, ಯಾವ ಸ್ಕಾಲರ್‌ಶಿಪ್, ಅದನ್ನು ಕೊಡುವವರು ಏನು ಕೇಳುತ್ತಾರೆ ಅಂತ ಅರ್ಧ ಪುಟ ಬರೆದು ಕೊಡಿ. ನನಗೆ ಹಾಗೆ ಕೊಟ್ಟ ಮಕ್ಕಳಿಗೆ ನಾನು ಎರಡು ಪುಟ ಬರೆದುಕೊಟ್ಟಿದ್ದೇನೆ. ಊರಿನ ಪ್ರಮುಖರ ಶಿಫಾರಸು ಚೀಟಿ ಬೇರೆ ವಿಷಯ. ಅದನ್ನು ತರಲೇಬೇಡಿ. ನಮ್ಮಲ್ಲಿ ಅದನ್ನು ಅರ್ಜಿಯಿಂದ ತೆಗೆದು ಬೇರೆ ಫೈಲಿಗೆ ಹಾಕುತ್ತಾರೆ, ಓದುವವರ ಕೈಗೆ ಬರುವುದಿಲ್ಲ.

ಸಂದರ್ಶನ

ಸುಮಾರು 70 ಮಕ್ಕಳನ್ನು ಕರೆಯುತ್ತೇವೆ. ಒಬ್ಬೊಬ್ಬರಿಗೆ 15 ನಿಮಿಷ. ಬಂದು ಕೂತ ತಕ್ಷಣ ಹೆಚ್ಚಿನವರು "ಮೇ ಐ ಇಂಟ್ರೊಡ್ಯೂಸ್ ಮೈಸೆಲ್ಫ್" ಅಂತ ಶುರು ಮಾಡಿ ಎರಡನೇ ವಾಕ್ಯಕ್ಕೆ ನಿಲ್ಲುತ್ತಾರೆ. "ಕನ್ನಡದಲ್ಲಿ ಹೇಳಮ್ಮ" ಅಂದರೆ ಮುಖ ಅರಳುತ್ತದೆ. ಎಲ್ಲೇ ಹೋಗಲಿ, ಕನ್ನಡದಲ್ಲಿ ಮಾತಾಡಬಹುದಾ ಅಂತ ಕೇಳುವುದರಲ್ಲಿ ತಪ್ಪೇನೂ ಇಲ್ಲ.

ನಾವು ಸಾಮಾನ್ಯ ಜ್ಞಾನ ಪರೀಕ್ಷಿಸುತ್ತೇವೆ ಅಂತ ಮಕ್ಕಳು ಮಂತ್ರಿಗಳ ಹೆಸರು ಬಾಯಿಪಾಠ ಮಾಡಿ ಬರುತ್ತಾರೆ. ನಾವು ಕೇಳುವುದು ಅವರು ಅರ್ಜಿಯಲ್ಲಿ ಬರೆದದ್ದನ್ನೇ. ಆದ್ದರಿಂದ ಹೊರಡುವ ಮೊದಲು ನಿಮ್ಮ ಅರ್ಜಿಯ ಜೆರಾಕ್ಸ್ ಓದಿಕೊಂಡು ಬನ್ನಿ.

ಮೂರು ವರ್ಷದ ಹಿಂದೆ ಒಬ್ಬ ಹುಡುಗಿ ಬಂದಿದ್ದಳು. ಬಿ.ಎಸ್ಸಿ. ಸೇರಿದ್ದಳು. ಎಲ್ಲದರಲ್ಲೂ 90ರ ಮೇಲೆ, ಕೆಮಿಸ್ಟ್ರಿಯಲ್ಲಿ ಮಾತ್ರ 68. ಯಾಕಮ್ಮ ಅಂತ ಕೇಳಿದೆ. "ಮೇಡಂ, ಮೂರು ತಿಂಗಳು ನಮಗೆ ಕೆಮಿಸ್ಟ್ರಿ ಲೆಕ್ಚರರ್ ಇರಲಿಲ್ಲ. ಆರ್ಗ್ಯಾನಿಕ್ ಭಾಗ ಹಳೇ ಪ್ರಶ್ನೆಪತ್ರಿಕೆ ಇಟ್ಟುಕೊಂಡು ನಾನೇ ಓದಿದೆ. ಸರಿಯಾಗಿ ಬರಲಿಲ್ಲ." ಅಷ್ಟು ಹೇಳಿ ಸುಮ್ಮನಾದಳು. ಯಾರನ್ನೂ ದೂರಲಿಲ್ಲ.

ನಮ್ಮ ಸಮಿತಿಯಲ್ಲಿ ಒಬ್ಬ ನಿವೃತ್ತ ಕೆಮಿಸ್ಟ್ರಿ ಮೇಷ್ಟ್ರಿದ್ದಾರೆ. "ಯಾವುದು ಬರಲಿಲ್ಲ?" ಅಂದರು. ಅವಳು ಮೇಜಿನ ಮೇಲಿದ್ದ ಪೆನ್ಸಿಲ್ ತೆಗೆದುಕೊಂಡು ಹಾಳೆಯ ಹಿಂಭಾಗದಲ್ಲಿ ಆರು ಮೂಲೆಯ ಬೆಂಜೀನ್ ಬರೆದಳು. ಒಂದು ಬಿಟ್ಟು ಒಂದು ಜೋಡಿ ಗೆರೆ ಹಾಕಿದಳು. "ಸರ್, ಇಲ್ಲಿ ಡಬಲ್ ಬಾಂಡ್ ಇದೆ. ಪಕ್ಕದಲ್ಲಿ ಸಿಂಗಲ್. ಹಾಗಿದ್ರೆ ಉದ್ದ ಬೇರೆ ಬೇರೆ ಇರಬೇಕಲ್ವಾ? ಪುಸ್ತಕದಲ್ಲಿ ಎಲ್ಲ ಒಂದೇ ಉದ್ದ ಅಂತಿದೆ. ಯಾಕೆ ಅಂತ ನನಗೆ ಈಗಲೂ ಗೊತ್ತಾಗಿಲ್ಲ." ಮೇಷ್ಟ್ರು ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಹೋದರು. ಆ ಎಲೆಕ್ಟ್ರಾನ್‌ಗಳು ಒಂದು ಕಡೆ ನಿಲ್ಲದೆ ಆರೂ ಮೂಲೆಗೆ ಹರಡಿಕೊಂಡಿರುತ್ತವೆ ಅಂತ ವಿವರಿಸಿದರು. ಅವಳು ತಲೆ ಆಡಿಸಿದಳು, ಮತ್ತೆ ಒಂದು ಪ್ರಶ್ನೆ ಕೇಳಿದಳು. 15 ನಿಮಿಷ 35 ಆಯಿತು. ಹೊರಗೆ ಕಾಯುತ್ತಿದ್ದವರಿಗೆ ನಾನೇ ಹೋಗಿ ಕ್ಷಮೆ ಕೇಳಿದೆ.

ಅವಳಿಗೆ 25ಕ್ಕೆ 25 ಬಂತು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದಳು, ಎಲ್ಲಿಯವರೆಗೆ ಗೊತ್ತು ಅಂತ ತೋರಿಸಿದಳು. ಸಂದರ್ಶನದಲ್ಲಿ ನಾವು ಹುಡುಕುವುದು ಅದನ್ನೇ. ಈ ಮಗು ಡಿಗ್ರಿ ಮುಗಿಯುವವರೆಗೆ ಓದಿನಲ್ಲಿ ನಿಲ್ಲುತ್ತದಾ ಅನ್ನುವ ಪ್ರಶ್ನೆಗೆ ಒಂದು ಉತ್ತರ ಬೇಕು ನಮಗೆ. ಅಪ್ಪ ಅಮ್ಮ ಜೊತೆಗೆ ಬಂದರೆ ಹೊರಗೆ ಕೂತಿರಿ. ಒಳಗೆ ಬಂದು ಮಗುವಿನ ಬದಲು ನೀವು ಉತ್ತರ ಹೇಳಿದರೆ ಅದರ ಮಾತು ನಮಗೆ ಕೇಳಿಸುವುದಿಲ್ಲ.

ಕೊನೆಯ ಹತ್ತು ಜಾಗ

ಎಲ್ಲ ಅಂಕ ಕೂಡಿದ ಮೇಲೆ ಮೊದಲ 15 ಹೆಸರು ಸುಲಭ. ಯಾರೂ ಚರ್ಚೆ ಮಾಡುವುದಿಲ್ಲ. ಕಷ್ಟ ಇರುವುದು 16ರಿಂದ 40ರವರೆಗೆ. ಅಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಅರ್ಧ ಅಂಕ, ಕಾಲು ಅಂಕದ ವ್ಯತ್ಯಾಸ. ಆಗ ಟ್ರಸ್ಟಿನ ಉದ್ದೇಶ ಮುಂದೆ ಬರುತ್ತದೆ. ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದವರು ಯಾರು? ಇದುವರೆಗೆ ಒಬ್ಬರಿಗೂ ಸಿಗದ ಹೋಬಳಿ ಯಾವುದು? ಹೆಣ್ಣುಮಕ್ಕಳು ಎಷ್ಟಾದರು? ಬೇರೆ ಕಡೆಯಿಂದ ಹಣ ಬರುವ ದಾರಿ ಯಾರಿಗಿದೆ, ಯಾರಿಗಿಲ್ಲ? ಇದನ್ನು ಮಾತಾಡುತ್ತಾ ಒಂದು ವರ್ಷ ರಾತ್ರಿ 11 ಗಂಟೆಯಾಗಿತ್ತು.

ಆದ್ದರಿಂದ ನಿಮಗೆ ಸಿಗಲಿಲ್ಲ ಅಂದರೆ ನೀವು 26ನೆಯವರೋ 600ನೆಯವರೋ ನಿಮಗೆ ತಿಳಿಯುವುದಿಲ್ಲ. ಅದೇ ಪತ್ರ, ಅದೇ ದಾಖಲೆ ಇನ್ನೊಂದು ಕಡೆ ಹಾಕಿ. ನಮ್ಮಲ್ಲಿ 31ನೆಯವಳಾಗಿ ಉಳಿದ ಹುಡುಗಿಗೆ ಅದೇ ವರ್ಷ ಬೇರೆ ಕಡೆ ನಮ್ಮ ಎರಡರಷ್ಟು ಹಣ ಸಿಕ್ಕಿತು.

ಪಟ್ಟಿಯ ಕೆಳಗೆ ಕಾಯುವವರ ಪಟ್ಟಿಯೂ ಇರುತ್ತದೆ. ನಮ್ಮದು 10 ಹೆಸರು. ಪ್ರತಿ ವರ್ಷ ಅದರಲ್ಲಿ ಮೂರು ನಾಲ್ಕು ಜನಕ್ಕೆ ಸಿಗುತ್ತದೆ, ಯಾಕೆಂದರೆ ಮೇಲಿನವರು ಯಾರೋ ಕೋರ್ಸ್ ಬದಲಾಯಿಸುತ್ತಾರೆ, ಯಾರಿಗೋ ಬೇರೆ ಸ್ಕಾಲರ್‌ಶಿಪ್ ಬರುತ್ತದೆ. ಒಂದು ವರ್ಷ 27ನೇ ಹೆಸರಿನ ಹುಡುಗನಿಗೆ ನಾನೇ ಫೋನ್ ಮಾಡಿದೆ. ಎತ್ತಿದವರು ಸೈಬರ್ ಸೆಂಟರಿನವರು. ಅರ್ಜಿ ತುಂಬಿಕೊಟ್ಟವರು ತಮ್ಮದೇ ನಂಬರ್, ತಮ್ಮದೇ ಇಮೇಲ್ ಹಾಕಿದ್ದರು. "ಯಾರು ಮೇಡಂ, ದಿನಕ್ಕೆ ಐವತ್ತು ಜನ ಬರ್ತಾರೆ" ಅಂದರು. ವಿಳಾಸಕ್ಕೆ ಪತ್ರ ಹಾಕಿದೆವು, ಉತ್ತರ ಬರುವ ಹೊತ್ತಿಗೆ ಗಡುವು ಮುಗಿದಿತ್ತು. ನಿಮ್ಮದೇ ನಂಬರ್ ಹಾಕಿ ಅಂದದ್ದು ಇದಕ್ಕೇ. ಪಾಸ್‌ವರ್ಡ್ ಕೂಡ ನಿಮ್ಮ ನೋಟ್‌ಬುಕ್ಕಿನಲ್ಲಿ ಇರಲಿ.

ಸಿಕ್ಕ ಮೇಲೂ ಆಯ್ಕೆ ಮುಗಿಯುವುದಿಲ್ಲ. ಪ್ರತಿ ವರ್ಷ ನವೀಕರಣ ಇರುತ್ತದೆ. ಸೆಂಟ್ರಲ್ ಸೆಕ್ಟರ್ ಸ್ಕಾಲರ್‌ಶಿಪ್‌ಗೆ ವಾರ್ಷಿಕ ಪರೀಕ್ಷೆಯಲ್ಲಿ 50 ಪರ್ಸೆಂಟ್, ಹಾಜರಾತಿ 75 ಪರ್ಸೆಂಟ್ ಬೇಕು. ಎರಡನೇ ವರ್ಷ ಅರ್ಜಿ ಹಾಕಲು ಮರೆತು ಕಳೆದುಕೊಂಡವರು ಬಹಳ ಮಂದಿ. ಮತ್ತೆ, ಸ್ಕಾಲರ್‌ಶಿಪ್ ಕೊಡಿಸುತ್ತೇವೆ ಅಂತ ಯಾರಾದರೂ ಹಣ ಕೇಳಿದರೆ, ಒಟಿಪಿ ಕೇಳಿದರೆ, ಫೋನ್ ಇಟ್ಟುಬಿಡಿ.

ಸಂಕ್ರಾಂತಿ ಮುಗಿದ ವಾರ ಫೋನ್ ಮಾಡಿದ್ದ ಆ ತಾಯಿ ಮುಂದಿನ ಭಾನುವಾರ ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಹುಡುಗಿ ಬಿ.ಎಸ್ಸಿ. ಮೊದಲ ವರ್ಷ. ಸೆಂಟ್ರಲ್ ಸೆಕ್ಟರ್‌ಗೆ ಅರ್ಜಿ ಹಾಕಿದ್ದೀಯಾ ಅಂತ ಕೇಳಿದೆ. ಅದರ ಹೆಸರೇ ಕೇಳಿರಲಿಲ್ಲ, ಪೋರ್ಟಲ್ ಮುಚ್ಚಿ ಎಷ್ಟೋ ದಿನವಾಗಿತ್ತು. ಎಸ್‌ಎಸ್‌ಪಿ ಒಂದನ್ನು ಮಾತ್ರ ಹಾಕಿದ್ದಳು. ಅಳು ಬಂತು ಅವಳಿಗೆ. ಅಡುಗೆ ಮನೆಯಿಂದ ಕಾಫಿ ತಂದುಕೊಟ್ಟು, ಒಂದು 200 ಪುಟದ ನೋಟ್‌ಬುಕ್ ತೆಗೆದು ಗೆರೆ ಹಾಕಿದೆವು. ಸ್ಕಾಲರ್‌ಶಿಪ್ಪಿನ ಹೆಸರು, ಯಾರಿಗೆ ಅಂತ ಇದೆ, ಯಾರು ಆರಿಸುತ್ತಾರೆ, ಯಾವ ತಿಂಗಳು, ಯಾವ ಕಾಗದ. ಎರಡನೇ ವರ್ಷದವರನ್ನೂ ತೆಗೆದುಕೊಳ್ಳುವ ಆರು ಟ್ರಸ್ಟು ಸಿಕ್ಕವು. ಆಧಾರ್ ತೆಗೆದು ನೋಡಿದರೆ ಇನಿಷಿಯಲ್ ಇಲ್ಲ. ಸೋಮವಾರವೇ ಹೋಗಿ ಮಾಡಿಸು ಅಂದೆ. ಪತ್ರದ ಮೊದಲ ಕರಡು ಯುಗಾದಿಗೆ ತರುತ್ತೇನೆ ಅಂದಳು. ತಂದಳು. ಅದರಲ್ಲಿ ಐಎಎಸ್ ಇರಲಿಲ್ಲ, ಅವಳ ಅಮ್ಮನ ಹೊಲಿಗೆ ಮಷೀನು ಇತ್ತು.